ಒರೆಸೋದಲ್ಲ, ಊದೋದು!

ಎರಡು ತಿಂಗಳ ವೀಕೆಂಡ್‌ಗಳನ್ನೆಲ್ಲ ತಿಂದು ಹಾಕಿದ್ದ ಗಿಟಾರನ್ನು ಹತ್ತೇ ಸೆಕೆಂಡಿನಲ್ಲಿ ಕೆಡಿಸಿಕೊಂಡೆ. ಒಂದು ಹತ್ತಿ ಬಟ್ಟೆ, ಸ್ವಲ್ಪ ಸ್ಪಿರಿಟ್. ಅಷ್ಟೇ.

ಗಿಟಾರಿನ ಮೇಲ್ಹಲಗೆ ಸ್ಪ್ರೂಸ್ ಮರದ್ದು, ಹಾಲಿನ ಕೆನೆಯ ಬಣ್ಣ. ಅದರ ಸುತ್ತ ಅಂಚುಪಟ್ಟಿಗೆ ನಾನು ಹಾಕಿದ್ದು ಬೀಟೆ. ಗಿಟಾರ್ ಲೋಕದಲ್ಲಿ ‘ಇಂಡಿಯನ್ ರೋಸ್‌ವುಡ್’ ಅಂತ ಮೆರೆಯೋದು ನಮ್ಮ ಪಶ್ಚಿಮ ಘಟ್ಟದ ಈ ಬೀಟೆಯೇ. ನನ್ನದು ಅಂಗಡಿಯಿಂದ ತಂದದ್ದಲ್ಲ. ತೀರ್ಥಹಳ್ಳಿ ಮನೆಯ ಅಟ್ಟದಲ್ಲಿ ಬಿದ್ದಿದ್ದ ಅಜ್ಜಿಯ ಮುರಿದ ಮಂಚದ್ದು. ಸೀಳಿದಾಗ ಸಿಕ್ಕಿದ್ದು ಮೂರೇ ಪಟ್ಟಿ, ಬಿಸಿ ಮಾಡಿ ಬಗ್ಗಿಸುವಾಗ ಒಂದು ಮುರಿಯಿತು. ಹಾಗಾಗಿ ‘ಇನ್ನೊಮ್ಮೆ ಮಾಡಿದ್ರಾಯ್ತು’ ಅನ್ನೋ ಹಾಗಿರಲಿಲ್ಲ.

ಪಟ್ಟಿಯನ್ನು ಹಲಗೆಯ ಮಟ್ಟಕ್ಕೆ ತರಲು ಉಪ್ಪುಕಾಗದ ಹಿಡಿದು ಉಜ್ಜಿದೆ. ಬೀಟೆಯ ನೇರಳೆಗಪ್ಪು ಪುಡಿ ಸ್ಪ್ರೂಸ್ ಮೇಲೆಲ್ಲ ಹರಡಿತು. ಉಪ್ಪುಕಾಗದ ಎಷ್ಟು ನಯವಾದದ್ದಾದರೂ ಗೀರು ಬಿಡುತ್ತದೆ, ಮೆದು ಮರದ ನಾರನ್ನು ಎಬ್ಬಿಸುತ್ತದೆ. ಪುಡಿ ಹೋಗಿ ಕೂರೋದು ಅಲ್ಲೇ. ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಒಳಗೆ ಇಳಿಯಿತು. ಆಗ ಸ್ಪಿರಿಟ್ ನೆನಪಾಯಿತು. ಪ್ರೊಡಕ್ಷನ್‌ನಲ್ಲಿ ಅವಸರದ ಹಾಟ್‌ಫಿಕ್ಸ್ ಹಾಕಿ ಅನುಭವವಿದ್ದವನು ಸ್ವಲ್ಪ ಯೋಚಿಸಬೇಕಿತ್ತು. ಬೀಟೆಯ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ! ಅಲ್ಲಿಯವರೆಗೆ ಅದು ಬರೀ ಧೂಳು, ಒರೆಸಿದ ಮೇಲೆ ಡೈ. ಬಿಳಿ ಮರದ ಮೇಲೆ ವೀಳ್ಯದ ರಸ ಚೆಲ್ಲಿದ ಹಾಗೆ ಕೆಂಪು ಹರಡಿತು.

ಊರಿನ ಆಚಾರ್ರಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು.

“ಎಂತಕ್ಕೆ ಒರೆಸಿದ್ದು ಮಾರಾಯ? ಊದ್ಬೇಕಿತ್ತು!”

“ಇನ್ನಷ್ಟು ಉಜ್ಜಿ ತೆಗೀಲಾ ಆಚಾರ್ರೇ?”

“ಉಜ್ಜಿದ್ರೆ ಮತ್ತೆ ಪುಡಿ ಬರಲ್ವನಾ?”

ಉಜ್ಜೋಕೆ ನನಗೂ ಧೈರ್ಯವಿರಲಿಲ್ಲ. ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆ ಸಾಮಾನ್ಯವಾಗಿ ಮೂರು ಮಿಲಿಮೀಟರ್ ಆಸುಪಾಸು. ತಂತಿಗಳ ಎಳೆತ ತಡೆಯಬೇಕಾದದ್ದೂ ಅದೇ, ಕಂಪಿಸಿ ದನಿ ಕೊಡಬೇಕಾದದ್ದೂ ಅದೇ. ನನ್ನದು ಅಂಟಿಸುವಾಗ 2.8 ಮಿ.ಮೀ. ಇತ್ತು.

ಆಚಾರ್ರು ಹೇಳಿದಂತೆ ಮೊದಲು ಬಾಲ್ಕನಿಯಲ್ಲಿ ಬ್ಲೋವರ್ ಹಿಡಿದು ಊದಿದೆ, ಹೊಸ ಶೇವಿಂಗ್ ಬ್ರಷ್‌ನಿಂದ ನಾರಿನ ಉದ್ದಕ್ಕೂ ಸವರಿದೆ. ಕಲೆಯಾಗದೆ ಉಳಿದಿದ್ದ ಪುಡಿಯೆಲ್ಲ ಹೋಯಿತು. (ಮಾಸ್ಕ್ ಮರೆಯಬೇಡಿ. ಬೀಟೆಯ ಧೂಳು ಕೆಲವರಿಗೆ ಅಲರ್ಜಿ ತರುತ್ತದೆ, ಅದೂ ಅಲ್ಲದೆ ಮರದ ಧೂಳು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲೇ ಇದೆ.) ಕೆಂಪು ಕಲೆಗೆ ಮಾತ್ರ ಸ್ಕ್ರೇಪರ್ ಬೇಕಾಯಿತು. ಅದೊಂದು ತೆಳು ಉಕ್ಕಿನ ತಗಡು. ಎರಡೂ ಹೆಬ್ಬೆರಳಿನಿಂದ ಸ್ವಲ್ಪ ಬಾಗಿಸಿ ತಳ್ಳಿದರೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಎಳೆ ಏಳುತ್ತದೆ. ಪುಡಿ ಕಡಿಮೆ. ನಾನು ಪಟ್ಟಿಯನ್ನು ಮೊದಲೇ ಇದರಲ್ಲಿ ಹೆರೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಮುಂದಿನ ಸುತ್ತಿಗೆ ಇನ್ನೊಂದು ಉಪಾಯ ಮಾಡಿದೆ. ಉಜ್ಜುವ ಮೊದಲೇ ಸ್ಪ್ರೂಸ್‌ಗೆ ತೆಳುವಾಗಿ ಶೆಲಾಕ್ ಬಳಿದೆ. ಇದು ಅರಗಿನಿಂದ ಮಾಡಿದ್ದು, ನಮ್ಮ ಫ್ರೆಂಚ್ ಪಾಲಿಶ್‌ನ ಮೂಲವಸ್ತು. ಒಣಗಿದ ಮೇಲೆ ಪುಡಿ ಮರದೊಳಗೆ ಇಳಿಯದೆ ಆ ಪದರದ ಮೇಲೇ ಕೂರುತ್ತದೆ, ಊದಿದರೆ ಹಾರುತ್ತದೆ. ಆದರೆ ಶೆಲಾಕ್ ಕಲಸೋದೂ ಸ್ಪಿರಿಟ್‌ನಲ್ಲೇ! ಅದಕ್ಕೇ ಬಟ್ಟೆಯನ್ನು ಬೀಟೆಗೆ ತಾಗಿಸದೆ ಬಿಳಿ ಮರದ ಮೇಲಷ್ಟೇ ಆಡಿಸಬೇಕು. ಅಂಚಿಗೆ ಬಂದರೂ ಬಿಳಿಯಿಂದ ಕಪ್ಪಿನ ಕಡೆಗೆ, ಕಪ್ಪಿನಿಂದ ಬಿಳಿಗೆ ಯಾವತ್ತೂ ಅಲ್ಲ. ಪ್ರತಿ ಸಲ ಹೊಸ ಬಟ್ಟೆ.

ಮೊನ್ನೆ ತಂತಿ ಬಿಗಿದೆ. ಕೆಳಗಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಕೆಂಪು ಇನ್ನೂ ಇದೆ. ಪೆಟ್ಟಿಗೆ ಮುಚ್ಚಿದ ಮೇಲೆ ಅಲ್ಲಿಗೆ ಕ್ಯಾಲಿಪರ್ ಹೋಗಲ್ಲ, ಹಲಗೆ ಈಗ ಎಷ್ಟು ದಪ್ಪ ಉಳಿದಿದೆಯೋ ಗೊತ್ತಿಲ್ಲ. ಸ್ಕ್ರೇಪರನ್ನು ಡ್ರಾಯರ್‌ಗೆ ಹಾಕಿ ಬೀಗ ಹಾಕಿದ್ದೇನೆ.