ಕಾಲಿನ ರಕ್ತಸಂಚಾರವೂ ಬಿಸಿನೀರಿನ ಶಾಖವೂ

ಹಳೇಬೀಡು, ಬೇಲೂರು, ಅರಸೀಕೆರೆಗಳ ಸುತ್ತಣ ಮನೆಗಳಲ್ಲಿ ಹಿರಿಯರು ಕಾಲುನೋವೆಂದು ಹೇಳಿದೊಡನೆ ನೆನಪಿಗೆ ಬರುವ ಔಷಧವು ಶಾಖವೇ. ಬಚ್ಚಲ ಹಂಡೆಯ ಬಿಸಿನೀರು, ಬಟ್ಟೆಯಲ್ಲಿ ಕಟ್ಟಿ ಕಾಯಿಸಿದ ಉಪ್ಪಿನ ಗಂಟು, ಒಲೆಯ ಬಳಿಯಲ್ಲಿಟ್ಟು ಬಿಸಿಮಾಡಿದ ಇಟ್ಟಿಗೆ, ರಬ್ಬರಿನ ಬಿಸಿನೀರಿನ ಚೀಲ ಇವುಗಳಲ್ಲಿ ಯಾವದಾದರೊಂದು ಮನೆಮನೆಯಲ್ಲಿಯೂ ಉಂಟು. ಈ ಶುಶ್ರೂಷೆಯನ್ನು ಮಾಡುವ ಕೈಯಾದರೋ ಬಹುಮಟ್ಟಿಗೆ ಮನೆಯ ಹೆಣ್ಣುಮಗಳದು. ಅಜ್ಜನ ಕಾಲಿಗೆ ನೀರೆರೆಯುವವಳೂ ಅಜ್ಜಿಯ ಪಾದಕ್ಕೆ ಶಾಖ ಕೊಡುವವಳೂ ನಮ್ಮ ತರಗತಿಗಳಲ್ಲಿ ಕುಳಿತು ಓದುವ ಹುಡುಗಿಯೇ ಆಗಿರುವದರಿಂದ, ಈ ಶಾಖವು ಯಾವಾಗ ಹಿತ, ಯಾವಾಗ ಅಹಿತ ಎಂಬದನ್ನು ಅವಳು ಅರಿತಿರುವದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಕಾಲುನೋವೆಲ್ಲವೂ ಒಂದೇ ಜಾತಿಯದಲ್ಲ. ಮೊಣಕಾಲಿನ ಕೀಲು ಸವೆದು ಬರುವ ನೋವು ಬೇರೆ. ಬೆನ್ನಿನ ನರವು ಒತ್ತಿ ಬರುವ ನೋವು ಬೇರೆ. ನಾವು ಇಲ್ಲಿ ಹೇಳಹೊರಟಿರುವದು ಹೃದಯದಿಂದ ಕಾಲಿಗೆ ರಕ್ತವನ್ನು ತರುವ ಧಮನಿಗಳು ಇಕ್ಕಟ್ಟಾಗುವದರಿಂದ ಉಂಟಾಗುವ ರೋಗವನ್ನು ಕುರಿತು. ಡಾಕ್ಟರರು ಪೆರಿಫೆರಲ್ ಆರ್ಟರಿ ಡಿಸೀಸ್ ಎಂದು ಕರೆಯುವ ಇದನ್ನು ನಾವು ಕಾಲಿನ ಧಮನಿರೋಗವೆನ್ನೋಣ. ಲೋಕದಲ್ಲಿ 20 ಕೋಟಿಗಿಂತ ಹೆಚ್ಚು ಜನರಿಗೆ ಈ ರೋಗವುಂಟೆಂದು ತಿಳಿದವರು ಲೆಕ್ಕಹಾಕಿದ್ದಾರೆ.

ಹಳೇಬೀಡಿನ ದ್ವಾರಸಮುದ್ರದ ಕೆರೆಯನ್ನು ಬಲ್ಲವರಿಗೆ ಇದರ ಸ್ವರೂಪವನ್ನು ತಿಳಿಯುವದು ಕಷ್ಟವಲ್ಲ. ಕೆರೆಯ ತೂಬಿನಿಂದ ಹೊರಟ ನೀರು ದೊಡ್ಡ ಕಾಲುವೆಯಲ್ಲಿ ಹರಿದು, ಕವಲುಗಾಲುವೆಗಳ ಮೂಲಕ ಕಟ್ಟಕಡೆಯ ಗದ್ದೆಗೆ ಮುಟ್ಟುವದು. ಹಾಗೆಯೇ ಹೃದಯದಿಂದ ಹೊರಟ ರಕ್ತವು ಹೊಟ್ಟೆ, ತೊಡೆ, ಮೀನಖಂಡಗಳ ಧಮನಿಗಳನ್ನು ದಾಟಿ ಕಾಲ್ಬೆರಳುಗಳಿಗೆ ಮುಟ್ಟುವದು. ಕಾಲುವೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗತಕ್ಕದ್ದು ಕಡೆಯ ಗದ್ದೆ. ಧಮನಿಯ ಒಳಗೋಡೆಯಲ್ಲಿ ಕೊಬ್ಬು ಸೇರಿ ಗಟ್ಟಿಯಾಗುತ್ತ ಬಂದರೆ ಕಾಲಿಗೂ ಪಾದಕ್ಕೂ ಅದೇ ಗತಿ. ಬೀಡಿ ಸಿಗರೇಟುಗಳು, ಸಕ್ಕರೆಕಾಯಿಲೆ, ರಕ್ತದ ಒತ್ತಡ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್, ಏರುವ ವಯಸ್ಸು ಇವೇ ಈ ಹೂಳಿಗೆ ಮುಖ್ಯ ಕಾರಣಗಳು. ಇವುಗಳಲ್ಲಿ ವಯಸ್ಸೊಂದನ್ನುಳಿದು ಮಿಕ್ಕವನ್ನೆಲ್ಲ ನಿಲ್ಲಿಸುವದಾಗಲಿ ಹತೋಟಿಯಲ್ಲಿಡುವದಾಗಲಿ ಸಾಧ್ಯವೆಂಬದು ಸಮಾಧಾನದ ಮಾತು.

ಈ ರೋಗದ ಲಕ್ಷಣವು ಸ್ಪಷ್ಟವಾದದ್ದು. ಸ್ವಲ್ಪ ದೂರ ನಡೆದೊಡನೆ ಮೀನಖಂಡವು ಹಿಡಿದುಕೊಂಡು ನೋಯುವದು; ನಿಂತರೆ ಕೆಲವು ನಿಮಿಷಗಳಲ್ಲಿ ನೋವು ಅಡಗುವದು; ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುವದು. 1858ರಲ್ಲಿ ಫ್ರಾನ್ಸ್ ದೇಶದ ವೈದ್ಯ ಷಾರ್ಕೋ ಎಂಬವರು ಮನುಷ್ಯರಲ್ಲಿ ಇದನ್ನು ವಿವರಿಸಿದರು. ಇದಕ್ಕೆ ಕ್ಲಾಡಿಕೇಷನ್ ಎಂದು ಹೆಸರು. ಆ ಲ್ಯಾಟಿನ್ ಮಾತಿಗೆ ಕುಂಟುವದೆಂದೇ ಅರ್ಥ. ರೋಗವು ಬಲಿತರೆ ಪಾದವು ತಣ್ಣಗಿರುವದು, ಚರ್ಮವು ತೆಳುವಾಗಿ ಮಿನುಗುವದು, ಸಣ್ಣ ಗಾಯವೂ ವಾರಗಟ್ಟಲೆ ಮಾಯದೆ ಉಳಿಯುವದು; ರಾತ್ರಿ ಮಲಗಿದಾಗಲೂ ನೋವು ಬಂದು, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ಉಪಶಮನವಾಗುವದು. ಪರೀಕ್ಷೆಯೂ ಸುಲಭ. ಡಾಕ್ಟರರು ಕಣಕಾಲಿನಲ್ಲಿಯೂ ತೋಳಿನಲ್ಲಿಯೂ ರಕ್ತದ ಒತ್ತಡವನ್ನು ಅಳೆದು ಒಂದರಿಂದ ಒಂದನ್ನು ಭಾಗಿಸುತ್ತಾರೆ. ಕಣಕಾಲಿನ ಒತ್ತಡವು ತೋಳಿನದಕ್ಕೆ 0.90ಕ್ಕಿಂತ ಕಡಿಮೆಯ ಪ್ರಮಾಣದಲ್ಲಿದ್ದರೆ ಕಾಲಿನ ಧಮನಿಯಲ್ಲಿ ಅಡಚಣೆಯುಂಟೆಂದು ತಿಳಿಯುವದು.

ಹಾಗಾದರೆ ಇಂಥವರಿಗೆ ಶಾಖವು ಒಳ್ಳೆಯದೋ? ಶಾಖದಿಂದ ರಕ್ತನಾಳಗಳು ಹಿಗ್ಗುವವೆಂಬದರಲ್ಲಿ ಸಂದೇಹವಿಲ್ಲ. ದೇಹವು ಬೆಚ್ಚಗಾದಾಗ ರಕ್ತದ ಹರಿವು ಹೆಚ್ಚುವದು. ಹೆಚ್ಚಿದ ಹರಿವು ನಾಳದ ಒಳಪೊರೆಯನ್ನು ಉಜ್ಜುವದು. ಆಗ ಆ ಪೊರೆಯಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಹೊರಟು ನಾಳದ ಗೋಡೆಯನ್ನು ಸಡಿಲಿಸುವದು. ಈ ಅನಿಲದ ಕಾರ್ಯವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇನ್ನೊಂದು ಸಂಗತಿ ಇದಕ್ಕಿಂತಲೂ ಸ್ವಾರಸ್ಯವಾದದ್ದು. ಅಮೆರಿಕದ ಗಿಬ್ಬನ್ ಮತ್ತು ಲ್ಯಾಂಡಿಸ್ ಎಂಬ ವೈದ್ಯರು 1932ರಲ್ಲಿ, ಮುಂಗೈಗಳನ್ನು ಬಿಸಿನೀರಿನಲ್ಲಿಟ್ಟರೆ ದೂರದ ಪಾದಗಳ ರಕ್ತನಾಳಗಳೂ ಹಿಗ್ಗುವವೆಂದು ತೋರಿಸಿಕೊಟ್ಟರು. ಎಂದರೆ, ಕಾಲನ್ನು ಬೆಚ್ಚಗೆ ಮಾಡುವದಕ್ಕೆ ಕಾಲಿಗೇ ಶಾಖ ಕೊಡಬೇಕೆಂಬ ನಿಯಮವಿಲ್ಲ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಈಚಿನ ವರುಷಗಳಲ್ಲಿ ಶಾಖವನ್ನು ಕ್ರಮವಾದ ಚಿಕಿತ್ಸೆಯಾಗಿ ಪರೀಕ್ಷಿಸಿದ್ದಾರೆ. ಜಪಾನಿನ ಕಾಗೋಷಿಮಾದಲ್ಲಿ ತೇಯಿ ಎಂಬ ವೈದ್ಯರು ರೋಗಿಗಳನ್ನು 60 ಡಿಗ್ರಿ ಸೆಂಟಿಗ್ರೇಡಿನ ಒಣಗಾಳಿಯ ಕೋಣೆಯಲ್ಲಿ 15 ನಿಮಿಷ ಕೂರಿಸಿ, ಆಮೇಲೆ ಕಂಬಳಿ ಹೊದಿಸಿ 30 ನಿಮಿಷ ಮಲಗಿಸುವ ಕ್ರಮವನ್ನು ರೂಢಿಗೆ ತಂದರು. ಕಾಲಿನ ಧಮನಿರೋಗದವರಿಗೂ ಇದರಿಂದ ಗುಣ ಕಂಡಿತೆಂದು 2007ರಲ್ಲಿ ವರದಿಮಾಡಿದರು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೆಲವರು 12 ವಾರಗಳ ಕಾಲ ಸುಮಾರು 39 ಡಿಗ್ರಿಯ ನೀರಿನಲ್ಲಿ ಕುಳಿತು, ಬಳಿಕ ಹಗುರವಾದ ಅಂಗಸಾಧನೆ ಮಾಡಿದರು. ಬೇರೆ ಕೆಲವರು ಮೇಲ್ವಿಚಾರಣೆಯಲ್ಲಿ ನಡಿಗೆಯೇ ಮೊದಲಾದ ವ್ಯಾಯಾಮ ಮಾಡಿದರು. ಆರು ನಿಮಿಷಗಳಲ್ಲಿ ನಡೆಯಬಲ್ಲ ದೂರವು ಎರಡು ಪಂಗಡಗಳಲ್ಲಿಯೂ ಸುಮಾರು 40 ಮೀಟರಿನಷ್ಟು ಹೆಚ್ಚಿತು. ಅಮೆರಿಕದಲ್ಲಿ ಬಿಸಿನೀರು ಹರಿಯುವ ಷರಾಯಿಯನ್ನು ತೊಡಿಸಿ ಕಾಲಿಗೆ ಶಾಖ ಕೊಟ್ಟು ನೋಡಿದರು. 2020ರ ವರದಿಯಲ್ಲಿ ನಡೆಯುವ ದೂರವು ಹೆಚ್ಚಲಿಲ್ಲ. ಮನೆಯಲ್ಲಿಯೇ ದಿನವೂ ಶಾಖ ಕೊಟ್ಟ 2022ರ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚಿತು. ಈ ಪರೀಕ್ಷೆಗಳೆಲ್ಲ ಸಣ್ಣವು. ಆದಕಾರಣ ಶಾಖವು ಭರವಸೆ ತೋರುವ ಸಹಾಯಕವೆಂದು ಹೇಳಬಹುದೇ ಹೊರತು, ರೋಗವನ್ನು ವಾಸಿಮಾಡುವ ಔಷಧವೆಂದು ಹೇಳಕೂಡದು. ನಾಳದಲ್ಲಿ ತುಂಬಿದ ಹೂಳು ಬಿಸಿನೀರಿನಿಂದ ಕರಗುವದಿಲ್ಲ.

ಇನ್ನು ಅಪಾಯದ ಮಾತು. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಶಾಖವನ್ನು ಅಳೆದು, ಡಾಕ್ಟರರು ಪರೀಕ್ಷಿಸಿ ಆರಿಸಿದವರಿಗೆ ಕೊಟ್ಟರು. ಮನೆಯಲ್ಲಾದರೋ ಅಳತೆಯಿಲ್ಲದ ಶಾಖವನ್ನು ಎಲ್ಲಕ್ಕಿಂತ ಹೆಚ್ಚು ರಕ್ತಹೀನವಾದ ಪಾದಕ್ಕೇ ನೇರವಾಗಿ ಕೊಡುತ್ತೇವೆ. ಬೇಸಗೆಯ ಬಿಸಿಲು ಏರಿದಂತೆ ಕಡೆಯ ಗದ್ದೆಗೆ ಹೆಚ್ಚು ನೀರು ಬೇಕಾಗುವದಷ್ಟೆ. ಕಾಲುವೆಯಲ್ಲಿ ಹೂಳಿದ್ದು ನೀರು ಹೆಚ್ಚಾಗಿ ಬಾರದಿದ್ದರೆ ಪೈರು ಇನ್ನೂ ಬೇಗ ಸುಡುವದು. ಹಾಗೆಯೇ ಪಾದದ ಮಾಂಸವನ್ನು ಬಿಸಿಮಾಡಿದರೆ ಅದಕ್ಕೆ ಹೆಚ್ಚು ರಕ್ತ ಬೇಕಾಗುವದು. ಇಕ್ಕಟ್ಟಾದ ಧಮನಿಯು ಅದನ್ನು ಒದಗಿಸಲಾರದು. ಹುಣ್ಣಾಗಿ, ಕೊಳೆತು, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿಯೂ ಬರಬಹುದು.

ಸಕ್ಕರೆಕಾಯಿಲೆಯುಳ್ಳವರಿಗೆ ಅಪಾಯವು ಇಮ್ಮಡಿ. ಅವರಲ್ಲಿ ಹಲವರ ಪಾದದ ನರಗಳು ಕೆಟ್ಟು ಸ್ಪರ್ಶಜ್ಞಾನವು ಕುಂದಿರುವದು. ಸುಡುವ ನೀರೂ ಅವರಿಗೆ ಹಿತವಾಗಿ ತೋರುವದು. ಇನ್ನೂ ಸ್ವಲ್ಪ ಬಿಸಿ ಹಾಕಮ್ಮಾ ಎಂದೇ ಅವರು ಹೇಳುವರು. ಆರೋಗ್ಯವಾದ ಚರ್ಮವೇ 60 ಡಿಗ್ರಿಯ ಶಾಖದಲ್ಲಿ ಸುಮಾರು 5 ಸೆಕೆಂಡುಗಳಲ್ಲಿ ಸುಡುವದೆಂದೂ, 44 ಡಿಗ್ರಿಯಷ್ಟು ಸಾಧಾರಣ ಶಾಖವೂ ಸುಮಾರು 6 ಗಂಟೆ ಒಂದೇ ಕಡೆಯಲ್ಲಿ ತಾಗಿದ್ದರೆ ಸುಡುವದೆಂದೂ 1947ರಲ್ಲಿ ಅಮೆರಿಕದ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬವರು ತೋರಿಸಿದರು. ರಾತ್ರಿಯೆಲ್ಲ ಕಾಲಡಿಯಲ್ಲಿ ಇಟ್ಟ ಬಿಸಿ ಚೀಲವು ಏಕೆ ಕೆಟ್ಟದ್ದೆಂಬದು ಇದರಿಂದ ತಿಳಿಯುವದು. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳೇಶ್ವರ ದೇವಾಲಯವನ್ನು ನೋಡಲು ಬರುವವರು ಪಾದರಕ್ಷೆಯನ್ನು ಬಿಟ್ಟು ಜಗತಿಯನ್ನು ಹತ್ತುತ್ತಾರೆ. ಬೇಸಗೆಯ ನಡುಹಗಲಿನಲ್ಲಿ ಆ ಕಲ್ಲಿನ ಮೇಲೆ ನಾವು ನೀವು ಕಾಲೂರಲಾರದೆ ಓಡುತ್ತೇವೆ. ಜೋಮುಗಟ್ಟಿದ ಪಾದದ ವೃದ್ಧರಾದರೋ ಮೆಲ್ಲನೆ ನಡೆದುಬಂದು, ಮನೆಗೆ ಹೋದ ಮೇಲೆ ಅಂಗಾಲಿನ ಬೊಬ್ಬೆಯನ್ನು ಕಾಣುವರು. ಅಂಥವರನ್ನು ಬೆಳಗಿನ ಹೊತ್ತು ತಂಪಿನಲ್ಲಿ ಕರೆದುಕೊಂಡು ಹೋಗುವದು ಲೇಸು.

ಆದಕಾರಣ ನಮ್ಮ ಹುಡುಗಿಯರು ಈ ಕೆಲವು ವಿಷಯಗಳನ್ನು ತಪ್ಪದೆ ಪಾಲಿಸಬೇಕು. ಮೊದಲನೆಯದಾಗಿ, ನಡೆದಾಗ ನೋವು, ನಿಂತಾಗ ಶಮನ ಎಂಬ ಲಕ್ಷಣವಿದ್ದರೆ ಶಾಖಕ್ಕಿಂತ ಮುಂಚೆ ಡಾಕ್ಟರರ ಬಳಿಗೆ ಕರೆದುಕೊಂಡು ಹೋಗತಕ್ಕದ್ದು. ಎರಡನೆಯದಾಗಿ, ತಣ್ಣನೆಯ ಪಾದಕ್ಕೆ ಇಟ್ಟಿಗೆ, ಉಪ್ಪಿನ ಗಂಟು, ಬಿಸಿ ಚೀಲ, ಕೆಂಡದ ಅಗ್ಗಿಷ್ಟಿಕೆ ಇವುಗಳನ್ನು ತಾಗಿಸಕೂಡದು. ಉಣ್ಣೆಯ ಕಾಲುಚೀಲವನ್ನು ಹಾಕಿ, ಮೈಗೆ ಕಂಬಳಿ ಹೊದಿಸಿ, ಬಿಸಿಯಾದ ಗಂಜಿಯನ್ನೋ ಹಾಲನ್ನೋ ಕೊಡಬೇಕು. ಮೈ ಬೆಚ್ಚಗಾದರೆ ಕಾಲಿನ ನಾಳಗಳೂ ಹಿಗ್ಗುವವೆಂದು ಮೇಲೆ ಹೇಳಿದೆವಷ್ಟೆ. ಮೂರನೆಯದಾಗಿ, ಸ್ನಾನದ ನೀರನ್ನು ಅವರ ಕಾಲಿನಿಂದಲ್ಲ, ನಿಮ್ಮ ಮೊಣಕೈಯಿಂದ ಪರೀಕ್ಷಿಸಬೇಕು. ಎಳೆಯ ಮಗುವಿಗೆ ಎರೆಯುವಷ್ಟೇ ಬೆಚ್ಚಗಿದ್ದರೆ ಸಾಕು. ನಾಲ್ಕನೆಯದಾಗಿ, ಗಾಯವಿರುವ ಪಾದವನ್ನು ಬಿಸಿನೀರಿನಲ್ಲಿ ನೆನೆಸಕೂಡದು. ಐದನೆಯದಾಗಿ, ಬಿಸಿನೀರಿನ ಸ್ನಾನದಿಂದ ರಕ್ತದ ಒತ್ತಡವು ಇಳಿಯುವದಾದ್ದರಿಂದ ಹಿರಿಯರು ಫಕ್ಕನೆ ಎದ್ದರೆ ತಲೆ ತಿರುಗಿ ಬೀಳಬಹುದು. ಕೈಹಿಡಿದು ಮೆಲ್ಲನೆ ಏಳಿಸಬೇಕು. ಹೃದ್ರೋಗವುಳ್ಳವರು ಡಾಕ್ಟರರನ್ನು ಕೇಳದೆ ಬಹಳ ಹೊತ್ತು ಬಿಸಿನೀರಿನಲ್ಲಿ ಕುಳಿತಿರಬಾರದು. ಕಡೆಯದಾಗಿ, ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ಸಹಿಸಲಾರದ ನೋವು ಬಂದರೆ ಶಾಖದಲ್ಲಿ ಒಂದು ಗಳಿಗೆಯನ್ನೂ ಕಳೆಯದೆ ಹಾಸನದ ದೊಡ್ಡ ಆಸ್ಪತ್ರೆಗೆ ಕೊಂಡೊಯ್ಯಬೇಕು. ಅದು ಧಮನಿಯು ಪೂರ್ತಿಯಾಗಿ ಕಟ್ಟಿದ ಗುರುತಾಗಿರಬಹುದು. ಕೆಲವೇ ಗಂಟೆಗಳಲ್ಲಿ ಕಾಲು ಉಳಿಯುವದೋ ಹೋಗುವದೋ ತೀರ್ಮಾನವಾಗುವದು.

ಈ ರೋಗಕ್ಕೆ ಶಾಖಕ್ಕಿಂತ ಚೆನ್ನಾಗಿ ಪರೀಕ್ಷಿತವಾದ ಮದ್ದು ಒಂದುಂಟು. ಅದಕ್ಕೆ ಕಾಸೂ ಬೇಡ, ಸೌದೆಯೂ ಬೇಡ. ಅದು ನಡಿಗೆ. ನೋವು ಬರುವವರೆಗೆ ನಡೆದು, ನಿಂತು ಅದು ಅಡಗಿದ ಮೇಲೆ ಮತ್ತೆ ನಡೆದು, ಹೀಗೆ ಒಂದೊಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಮೂರು ಸಲವಾದರೂ, ಮೂರು ತಿಂಗಳು ಅಭ್ಯಾಸ ಮಾಡಿದರೆ ನಡೆಯಬಲ್ಲ ದೂರವು ಹೆಚ್ಚುವದು. ಪಾದದಲ್ಲಿ ಹುಣ್ಣಿರುವವರೂ ಮಲಗಿದಾಗಲೂ ನೋವಿರುವವರೂ ಮಾತ್ರ ಡಾಕ್ಟರರ ಅಪ್ಪಣೆಯಿಲ್ಲದೆ ಇದನ್ನು ಕೈಕೊಳ್ಳಬಾರದು. ಬೀಡಿಯನ್ನು ಬಿಡದಿದ್ದರಂತೂ ಶಾಖವೂ ನಡಿಗೆಯೂ ಗುಳಿಗೆಯೂ ಅರ್ಧ ವ್ಯರ್ಥವೇ.

ಅಜ್ಜನಿಗೆ ಬೀಡಿ ಬಿಡೆಂದು ಹೇಳುವ ಧೈರ್ಯ ಮೊಮ್ಮಗಳಿಗಲ್ಲದೆ ಮನೆಯಲ್ಲಿ ಇನ್ನಾರಿಗುಂಟು? ಸಂಜೆಯ ಹೊತ್ತು ಅವರ ಜೊತೆಯಲ್ಲಿ ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆದು, ಅವರು ನಿಂತಲ್ಲಿ ನಿಂತು, ಮನೆಗೆ ಬಂದ ಮೇಲೆ ಕಾಲ್ಬೆರಳುಗಳ ಸಂದುಗಳನ್ನೂ ಹಿಮ್ಮಡಿಯನ್ನೂ ದೀಪದ ಬೆಳಕಿನಲ್ಲಿ ನೋಡುವ ಅಭ್ಯಾಸವನ್ನು ನಮ್ಮ ಹುಡುಗಿಯರು ಈ ವಾರದಿಂದಲೇ ಆರಂಭಿಸಲೆಂದು ನಾವು ಆಶಿಸುತ್ತೇವೆ.