ಓಟಿಲ್ಲದವರ ಪಾಲು

ಸಕಲೇಶಪುರ, ಆಲೂರು ಕಡೆಯ ಗ್ರಾಮಸಭೆಗಳಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಆನೆಯ ಹತ್ತಿರ. ಪಿಡಿಒ ಕ್ರಿಯಾಯೋಜನೆ ಓದುತ್ತಾರೆ. ಚರಂಡಿ, ನಲ್ಲಿ ನೀರು, ಉದ್ಯೋಗ ಖಾತ್ರಿ ಕಾಮಗಾರಿ. ಹಿಂದಿನ ಸಾಲಿನಿಂದ ಯಾರೋ ಎದ್ದು, 'ಅದೆಲ್ಲ ಆಮೇಲೆ ನೋಡುವ ಸಾರ್, ಆನೆ ಯಾವಾಗ ಹಿಡೀತೀರಿ ಹೇಳಿ' ಎನ್ನುತ್ತಾರೆ. ಅಲ್ಲಿಂದ ಮುಂದೆ ಸಭೆ ಪಿಡಿಒ ಕೈಯಲ್ಲಿ ಇರುವುದಿಲ್ಲ. ಅರಣ್ಯ ಇಲಾಖೆಯಿಂದ ಬಂದವರು 'ಮೇಲಕ್ಕೆ ಬರೆದಿದ್ದೀವಿ' ಎಂದರೆ ಗಲಾಟೆ ಇನ್ನೂ ಜೋರು. ಕೈ ಎತ್ತಿಸಿದರೆ ಎತ್ತದ ಕೈ ಒಂದೂ ಇರುವುದಿಲ್ಲ. ಠರಾವು ಬರೆಯುತ್ತಾರೆ, ಸಹಿ ಬೀಳುತ್ತದೆ. ಆನೆ ಮಾತ್ರ ಮಾರನೆಯ ದಿನವೂ ಅದೇ ತೋಟದಲ್ಲಿ ಬೈನೆ ಮರ ಸೀಳಿಕೊಂಡು ನಿಂತಿರುತ್ತದೆ.

ಇಡೀ ಊರು ಒಂದೇ ದನಿಯಲ್ಲಿ ಹೇಳಿದ್ದೂ ನಡೆಯದಿದ್ದರೆ ಇದೆಂಥ ಪ್ರಜಾಪ್ರಭುತ್ವ ಎಂದು ಜನ ಕೇಳುತ್ತಾರೆ. ಆನೆ ದಾಳಿಗೆ ಮನೆಯವರನ್ನು ಕಳೆದುಕೊಂಡವರು ಇರುವ ಸೀಮೆ ಇದು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ನಮ್ಮದು ಪ್ರಜಾಪ್ರಭುತ್ವ ಮಾತ್ರವಲ್ಲ, ಗಣರಾಜ್ಯವೂ ಹೌದು. ಸಂವಿಧಾನದ ಪೀಠಿಕೆಯಲ್ಲಿ ಎರಡೂ ಇವೆ. ಶಾಲೆಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಉರು ಹೊಡೆಸುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿದರೂ ನಡೆಯುತ್ತದೆ ಎಂದುಕೊಂಡಿದ್ದೇವೆ.

ಹಾಗಲ್ಲ ಎನ್ನುವುದಕ್ಕೆ ಹಳೆ ಮೈಸೂರಿನ ಚರಿತ್ರೆಯೇ ಸಾಕು. ಸಕಲೇಶಪುರದ ಸೀಮೆಯನ್ನು ಹಿಂದೆ ಆಳುತ್ತಿದ್ದವರು ಐಗೂರಿನ ಪಾಳೆಯಗಾರರು. 1802ರಲ್ಲಿ ಬ್ರಿಟಿಷರು ವೆಂಕಟಾದ್ರಿ ನಾಯಕನನ್ನು ಹಿಡಿದು ಗಲ್ಲಿಗೇರಿಸಿದ ಮೇಲೆ ಆ ಮನೆತನದ ಆಳ್ವಿಕೆ ಮುಗಿಯಿತು; ಮಂಜರಾಬಾದ್ ಎನಿಸಿಕೊಂಡಿದ್ದ ಈ ಸೀಮೆ ಪೂರ್ತಿಯಾಗಿ ಮೈಸೂರಿನ ಒಂದು ತಾಲ್ಲೂಕಾಯಿತು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಬಂದವರು 144 ಮಂದಿ, ಬಹುಪಾಲು ಜಮೀನುದಾರರು ಮತ್ತು ವರ್ತಕರು. ಅಹವಾಲು ಹೇಳಬಹುದಿತ್ತು, ಆಜ್ಞೆ ಮಾಡುವಂತಿರಲಿಲ್ಲ. ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ ಎಂಬ ದೊರೆ 1894ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಚಿನ್ನ, ಬೇಟೆ, ಕಾಫಿಯ ಜೊತೆಗೆ ಈ ಸಭೆಗೂ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅವನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ಆಳುಗಳಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ನಮಗೆ ಬೇಕಾದ ಸಂಗತಿ ಅದರ ಆಚೆಗಿದೆ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು 'ಮೈಸೂರು ಚಲೋ' ಚಳವಳಿ ನಡೆಯಿತು, ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಜವಾಬ್ದಾರಿ ಸರ್ಕಾರ ಬಂತು, ಮಹಾರಾಜರೂ ಸಿಂಹಾಸನದಲ್ಲೇ ಇದ್ದರು. ಅಂದರೆ ಎರಡು ವರ್ಷದ ಮೇಲೆ ಮೂರು ತಿಂಗಳು ಮೈಸೂರಿನಲ್ಲಿ ಇದ್ದದ್ದು ಗಣರಾಜ್ಯವಲ್ಲದ ಜನಸರ್ಕಾರ. ಇಂಗ್ಲೆಂಡ್, ಜಪಾನ್ ಇವತ್ತಿಗೂ ಹಾಗೇ ಇವೆ. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂದು ಘೋಷಿಸಿದರು. ಅದೇ ದಿನ ದೆಹಲಿಯಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಯ ಮುಂದೆ ತಮ್ಮ ಸಮಾರೋಪ ಭಾಷಣ ಮಾಡುತ್ತಿದ್ದರು. 1950ರ ಜನವರಿ 26ಕ್ಕೆ ಮಹಾರಾಜರು ರಾಜಪ್ರಮುಖರಾದರು. ಅರಮನೆ ಅದೇ, ಮನುಷ್ಯರೂ ಅವರೇ. ಅಧಿಕಾರ ಮಾತ್ರ ವಂಶದಿಂದ ಬಂದದ್ದಾಗಿ ಉಳಿಯಲಿಲ್ಲ. ಅವತ್ತು ದೇಶ ಗಣರಾಜ್ಯವಾಯಿತಾದರೂ ಎಲ್ಲ ವಯಸ್ಕರೂ ಓಟು ಹಾಕುವ ಚುನಾವಣೆ ಇನ್ನೂ ಆಗಿರಲಿಲ್ಲ. ಅದು ಮುಗಿದದ್ದು 1952ರಲ್ಲಿ. ಹೀಗೆ ಎರಡೂ ನಮ್ಮ ಮನೆಗೆ ಬೇರೆ ಬೇರೆ ದಿನ, ಬೇರೆ ಬೇರೆ ಬಾಗಿಲಿನಿಂದ ಬಂದವು.

ಅರಸನಿಲ್ಲದಿದ್ದರೆ ಗಣರಾಜ್ಯ ಎನ್ನುವುದು ಪರೀಕ್ಷೆಗೆ ಬರೆಯುವ ಉತ್ತರ. ಅಷ್ಟೇ ಆಗಿದ್ದರೆ ಚೀನಾವೂ ಗಣರಾಜ್ಯ, ಉತ್ತರ ಕೊರಿಯಾವೂ ಗಣರಾಜ್ಯ. ಹೆಸರಿನಲ್ಲಿ ಹಾಗೇ ಬರೆದುಕೊಂಡಿವೆ. ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಮ್ಯಾಡಿಸನ್ 1787ರಲ್ಲಿ ಇದನ್ನು ಬೇರೆ ಥರ ಬಿಡಿಸಿದ್ದ. ಜನ ತಾವೇ ಸೇರಿ ತೀರ್ಮಾನಿಸುವುದು ಒಂದು, ಪ್ರತಿನಿಧಿಗಳ ಮೂಲಕ ಆಳಿಕೊಳ್ಳುವುದು ಇನ್ನೊಂದು. ಒಂದು ಗುಂಪು ದೊಡ್ಡದಾಗಿ ಸೇರಿ ಮಿಕ್ಕವರನ್ನು ತುಳಿಯಬಾರದು ಎಂಬುದು ಅವನ ಚಿಂತೆ. ಗುಲಾಮರನ್ನು ಇಟ್ಟುಕೊಂಡಿದ್ದವನ ಬಾಯಲ್ಲಿ ಆ ಮಾತು ಎಷ್ಟು ತೂಗುತ್ತದೋ ಬೇರೆ ಪ್ರಶ್ನೆ. ಚಿಂತೆ ಮಾತ್ರ ಸುಳ್ಳಲ್ಲ. ನನಗೆ ಕಂಡಂತೆ ಹೇಳುವುದಾದರೆ, ಪ್ರಜಾಪ್ರಭುತ್ವ ನೋಡುವುದು ಎಷ್ಟು ಕೈ ಮೇಲೆದ್ದವು ಎಂದು. ಆ ಸಭೆಗೆ ಬರಲಾಗದವರ ಪಾಲೇನು ಎಂದು ಕೇಳುವುದು ಗಣರಾಜ್ಯ.

ಆನೆಗೆ ಹಿಂತಿರುಗೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಆನೆ ಇದೆ. ಆ ಪಟ್ಟಿಯ ಪ್ರಾಣಿಯನ್ನು ಹಿಡಿಯಬೇಕಾದರೆ ಅದು ಮನುಷ್ಯರ ಜೀವಕ್ಕೆ ಅಪಾಯಕಾರಿ ಎಂದೋ, ವಾಸಿಯಾಗದಷ್ಟು ಗಾಯ ಅಥವಾ ಕಾಯಿಲೆಗೆ ತುತ್ತಾಗಿದೆ ಎಂದೋ ಖಾತ್ರಿಯಾಗಬೇಕು. ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಆದೇಶ ಕೊಡಬೇಕು. ಬೆಳೆ ಹಾಳು ಮಾಡಿತು ಎಂಬ ಕಾರಣ ಈ ಪಟ್ಟಿಯ ಪ್ರಾಣಿಗೆ ಸಾಲುವುದಿಲ್ಲ. ಭತ್ತದ ಗದ್ದೆ ತುಳಿಸಿಕೊಂಡವನಿಗೆ ಇದು ಉರಿಯುವ ಮಾತು. ಹಾಗಂತ ಕಾನೂನು ಇವರ ಮಾತನ್ನು ಕೇಳಲೇ ಇಲ್ಲ ಎನ್ನುವಂತಿಲ್ಲ. ಆನೆಗಳ ವಿಷಯವನ್ನು ಹೈಕೋರ್ಟ್ 2008ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತು. ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗೆ ಮೀಸಲಾದ ವಲಯ, ಆನೆ ಮನುಷ್ಯ ಇಬ್ಬರೂ ಹೊಂದಿಕೊಂಡು ಹೋಗುವ ವಲಯ, ಆನೆಯನ್ನು ತೆರವು ಮಾಡಬೇಕಾದ ವಲಯ ಎಂದು ರಾಜ್ಯವನ್ನು ವಿಂಗಡಿಸಿತು. ಚೂರುಚೂರು ಕಾಡಿನ ಆಲೂರು ಸೀಮೆ ಮೂರನೆಯದಕ್ಕೆ ಬಿತ್ತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು.

ಊರಿನವರ ಠರಾವಿನಲ್ಲಿ ಇದ್ದದ್ದೂ ಇದೇ ಬೇಡಿಕೆ. ಆದರೆ ಅದು ನಡೆದದ್ದು ಕೈ ಎಣಿಸಿ ಅಲ್ಲ. ಇಲ್ಲಿನ ಕಾಡು ಅಷ್ಟು ಆನೆ ಸಾಕುವಷ್ಟಿಲ್ಲ, ಹೀಗೇ ಬಿಟ್ಟರೆ ಎರಡು ಕಡೆಯೂ ಸಾವು ತಪ್ಪುವುದಿಲ್ಲ ಎಂಬ ಕಾರಣ ಕಾಗದದ ಮೇಲೆ ಬಂದದ್ದರಿಂದ. ಓಟಿಲ್ಲದ ಪ್ರಾಣಿಯ ಪರವಾಗಿ ಯಾರೋ ಕೂತು ವಾದ ಕೇಳಿದರು, ಆಮೇಲೂ ಜನರ ಮಾತೇ ನಿಂತಿತು. ಕೆಲವು ವರ್ಷಕ್ಕೆ ಆನೆಗಳು ಮತ್ತೆ ಬಂದವು ಎನ್ನುವುದು ಮುಂದಿನ ಕಥೆ. ಈಗ ಭೀಮ, ಕ್ಯಾಪ್ಟನ್ ಎಂದು ಅವಕ್ಕೆ ಹೆಸರೂ ಇದೆ, ಯಾವ ತೋಟದಲ್ಲಿವೆ ಎಂದು ಬೆಳಿಗ್ಗೆಯೇ ಮೊಬೈಲಿಗೆ ಮೆಸೇಜೂ ಬರುತ್ತದೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಕಾರ್ಯಾಚರಣೆಗೆಂದು ಕರೆತಂದಿದ್ದ ದಸರಾ ಆನೆ ಅರ್ಜುನ ಸತ್ತಾಗ, ಆನೆ ಎಂದರೆ ಸಿಡಿದೇಳುತ್ತಿದ್ದ ಅದೇ ಜನ ಕಣ್ಣೀರು ಹಾಕಿದರು. ಈ ಬೆಟ್ಟದವರ ಮನಸ್ಸನ್ನು ಒಂದು ಠರಾವಿನಲ್ಲಿ ಹಿಡಿದಿಡುವುದು ಕಷ್ಟ.

ಈಗ ಇದೇ ಜನ ಇನ್ನೊಂದು ಕಡೆ ಕೂತದ್ದನ್ನು ನೋಡಬೇಕು. ಎತ್ತಿನಹೊಳೆ ಯೋಜನೆ. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24.01 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಗೆ ಒಯ್ಯುವುದು ಲೆಕ್ಕ. 2012ರಲ್ಲಿ 8,323 ಕೋಟಿ ರೂಪಾಯಿ ಎಂದು ಶುರುವಾದದ್ದು 23,251 ಕೋಟಿಗೆ ಬೆಳೆದಿದೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿತು. ಹೊಳೆಯ ಪಕ್ಕದ ಗುಡ್ಡ ಬಗೆದು ಆಳೆತ್ತರದ ಪೈಪು ಹೂಳುವಾಗ ತೋಟ, ಗದ್ದೆ, ರಸ್ತೆ ಕಳೆದುಕೊಂಡವರು ಪ್ರತಿಭಟಿಸಿದರು. ಕೈ ಎಣಿಸುವುದಾದರೆ ಇಲ್ಲಿ ಏನಾಗುತ್ತದೆ? ಆ ಕಡೆ ಬಾಯಾರಿದ ಹಲವು ಜಿಲ್ಲೆ, ಈ ಕಡೆ ಒಂದು ಸಣ್ಣ ತಾಲ್ಲೂಕು. ಸಕಲೇಶಪುರದ್ದು ಒಬ್ಬನೇ ಶಾಸಕ. ಕೋಲಾರದವರ ಬಾಯಾರಿಕೆಯೂ ನಾಟಕವಲ್ಲ. ಸಾವಿರಾರು ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ನೀರಿಲ್ಲದ ಜನ ಅವರು. ಆದರೂ ಹೊಳೆಯ ದಂಡೆಯವನ ಜಮೀನು ಹೋಗುವಾಗ ನೋಟಿಸು ಕೊಡಬೇಕು, ಪರಿಹಾರ ಕೊಡಬೇಕು, ಕಾಡು ಕಡಿಯುವ ಮುನ್ನ ಅನುಮತಿ ಪಡೆಯಬೇಕು. ಇವೆಲ್ಲ ಬಹುಮತ ಕೊಟ್ಟದ್ದಲ್ಲ. ಬಹುಮತ ಎದುರಿಗಿದ್ದಾಗಲೂ ಕೈಯಲ್ಲಿ ಉಳಿಯುವಂಥವು. ಯೋಜನೆಯ ವಿರೋಧಿಗಳು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಅಲ್ಲಿ ಗೆಲ್ಲಲಿಲ್ಲ, ಆದರೆ ಹತ್ತಲು ಮೆಟ್ಟಿಲಿತ್ತು. ಆನೆಯ ವಿಷಯಕ್ಕೆ ಕೋರ್ಟು, ಕಾನೂನು ಅಡ್ಡ ಬಂತೆಂದು ಬೈಯುವ ನಾವು ಹೊಳೆಯ ವಿಷಯಕ್ಕೆ ಕೋರ್ಟಿನ ಬಾಗಿಲಿಗೇ ಓಡಿದೆವು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಯಾವ ಊರೂ ಯಾವಾಗಲೂ ಬಹುಮತವಾಗಿ ಉಳಿಯುವುದಿಲ್ಲ.

ಕಾನೂನನ್ನೇ ಬದಲಿಸಿಬಿಟ್ಟರೆ ಎನ್ನಬಹುದು. ಬದಲಿಸಬಹುದು, ಬೇಕಾದಷ್ಟು ಸಲ ಬದಲಿಸಿದ್ದಾರೆ. ಎಲ್ಲಿಯವರೆಗೆ ಎಂಬುದಕ್ಕೆ ಗೆರೆ ಎಳೆಸಿದ ಮೊಕದ್ದಮೆ ಒಂದು ಕನ್ನಡದ ಮಠದ್ದೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ಮೂಲ ಸ್ವರೂಪ ಎಂದರೆ ಏನೇನು ಎಂದು ಮುಖ್ಯ ನ್ಯಾಯಮೂರ್ತಿ ಸಿಕ್ರಿ ಪಟ್ಟಿ ಮಾಡಿದ್ದರಲ್ಲಿ ಗಣರಾಜ್ಯ, ಪ್ರಜಾಪ್ರಭುತ್ವ ಎರಡೂ ಇವೆ. ಬಹುಮತಕ್ಕೆ ಬೇಲಿ ಹಾಕಿದ ಆ ತೀರ್ಪು ಬಂದದ್ದೂ ಏಳಕ್ಕೆ ಆರರ ಬಹುಮತದಲ್ಲಿ ಎನ್ನುವುದು ಅದರ ತಮಾಷೆ.

ಮೀಸಲಾತಿಯನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. 2008ರಿಂದ ಸಕಲೇಶಪುರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಆಲೂರು ತಾಲ್ಲೂಕೂ ಅದರಲ್ಲೇ ಸೇರಿದೆ. ದೊಡ್ಡ ತೋಟಗಳ ಈ ಸೀಮೆಯಲ್ಲಿ ತೆರೆದ ಪೈಪೋಟಿಗೆ ಬಿಟ್ಟಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಈಗ ಬಗರ್‌ಹುಕುಂ ಸಮಿತಿಯ ಅಧ್ಯಕ್ಷ ಕುರ್ಚಿಯಲ್ಲಿ ಕೂರುವವರು ಆ ಶಾಸಕರೇ, ಅವರ ಮುಂದೆ ಅರ್ಜಿ ಹಿಡಿದು ನಿಲ್ಲುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಪಂಚಾಯಿತಿಗಳಲ್ಲಿ ಅರ್ಧ ಜಾಗ ಹೆಂಗಸರಿಗೆ. ಗಂಡನೇ ಬಂದು ಅಧ್ಯಕ್ಷಗಿರಿ ಮಾಡುವ ಪಂಚಾಯಿತಿಗಳೂ ಇವೆ ಎಂಬುದು ಎಲ್ಲರಿಗೂ ಗೊತ್ತು. ಸಹಿ ಆಕೆಯದೇ ಆಗಬೇಕು ಎಂಬುದೂ ಅಷ್ಟೇ ಗೊತ್ತು.

ತೋಟದ ಕೂಲಿಯವರ ಲೈನ್ ಮನೆಗಳ ಕಥೆ ಇನ್ನೂ ಬೇರೆ. ಕಾಫಿ ಕೊಯ್ಲಿಗೆ, ಕಳೆ ಕೆಲಸಕ್ಕೆ ಈಗ ಅಸ್ಸಾಮಿನಿಂದ ಬಂದ ಸಂಸಾರಗಳು ತೋಟಗಳಲ್ಲಿವೆ. ಅವರ ಓಟು ಬಹುಪಾಲು ಅಲ್ಲೇ, ದೂರದ ಊರಿನ ಪಟ್ಟಿಯಲ್ಲಿ. ಆದ್ದರಿಂದ ಇಲ್ಲಿ ಅವರ ಲೈನಿಗೆ ಯಾವ ಪಕ್ಷದವರೂ ಕರಪತ್ರ ಹಿಡಿದು ಹೋಗುವುದಿಲ್ಲ, ಗ್ರಾಮಸಭೆಗೆ ಕರೆಯುವವರೂ ಇಲ್ಲ. ಆದರೂ ಅವರ ಮಗುವಿಗೆ ಅಂಗನವಾಡಿಯ ಊಟ ಇದೆ, ಬಾಣಂತಿಗೆ ಸರ್ಕಾರಿ ಆಸ್ಪತ್ರೆ ಇದೆ, ಕೂಲಿ ಕೊಡದಿದ್ದರೆ ದೂರು ಕೊಡಲು ಕಾರ್ಮಿಕ ಇಲಾಖೆ ಇದೆ. ಸಿಗುತ್ತದೆಯೋ ಇಲ್ಲವೋ ಎನ್ನುವುದು ಬೇರೆ ಜಗಳ. ಕೇಳುವ ಹಕ್ಕಿಗೆ ಓಟರ್ ಐಡಿ ಬೇಕಿಲ್ಲ.

ಪ್ರಜಾಪ್ರಭುತ್ವ, ಗಣರಾಜ್ಯ ಈ ಎರಡರ ಎಳೆದಾಟ ಬರುವ ದಿನಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣಲಿರುವುದು ಕಂದಾಯ ಕಚೇರಿಯಲ್ಲಿ. ಗೋಮಾಳ, ಸರ್ಕಾರಿ ಪಡ ಎಲ್ಲ ಒತ್ತುವರಿಯಾಗಿ ಎಷ್ಟೋ ಕಾಲವಾಯಿತು. ಎಷ್ಟೋ ಕಡೆ ಹಳೆಯ ಕಾಫಿ ಗಿಡವೇ ಸಾಕ್ಷಿ. ಬೆಳೆಗಾರರ ಒತ್ತಡಕ್ಕೆ ಸರ್ಕಾರ ಮಣಿದು, ಒತ್ತುವರಿ ಮಾಡಿದ ತೋಟವನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿತು. ಸದನದಲ್ಲಿ ಪಾಸಾದದ್ದೇ, ಪ್ರಜಾಪ್ರಭುತ್ವದ ಕ್ರಮದಲ್ಲೇ ಆದದ್ದು. ಸಣ್ಣ ಬೆಳೆಗಾರರ ಪಾಲಿಗೆ ಅದು ಉಸಿರು ಬಿಡುವಂಥ ಸಂಗತಿ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಇಪ್ಪತ್ತೈದು ಎಕರೆಯವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದು ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಏಕೆಂದರೆ ಆ ನೆಲ ಸರ್ಕಾರದ್ದು ಎಂದರೆ ಮಂತ್ರಿಯದ್ದೂ ಅಲ್ಲ, ತಹಸೀಲ್ದಾರರದ್ದೂ ಅಲ್ಲ. ದನ ಮೇಯಿಸುವವನದು, ಸೌದೆ ಆರಿಸುವವಳದು, ಸೈಟಿಲ್ಲದ ಕೂಲಿಯವನದು. ಸರ್ಕಾರಿ ಜಾಗದಲ್ಲಿ ಸೂರು ಕಟ್ಟಿಕೊಂಡವರು 94ಸಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಅಲೆಯುತ್ತಾರೆ. ತೋಟದವರ ಗುತ್ತಿಗೆ ಅರ್ಜಿಯೂ ಅದೇ ಕಚೇರಿಗೆ, ಕೆಲವು ಕಡೆ ಅದೇ ಸರ್ವೆ ನಂಬರಿಗೆ ಬರುತ್ತದೆ. ಮೊದಲು ಯಾರ ಫೈಲು ಮೇಲೆ ಬರುತ್ತದೆ ಎಂದು ನೋಡಬೇಕು.