ಪೊಟ್ಟಣದ ತಿನಿಸಿನಲ್ಲಿ ಸಕ್ಕರೆ ತಗ್ಗಿಸಿದರೆ ಗಿರಾಕಿ ತಗ್ಗುವುದೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬೇ ಮುಖ್ಯ ಬೆಳೆಯಾಗಿರುವುದು. ಪೊಟ್ಟಣದ ತಿನಿಸುಗಳಲ್ಲಿ ಸಕ್ಕರೆಯನ್ನು ಕಡಿಮೆ ಮಾಡಬೇಕೆಂಬ ಮಾತು ಎದ್ದಾಗ ಇಲ್ಲಿಯ ರೈತನಿಗೆ ಕಬ್ಬಿನ ದರದ ಚಿಂತೆಯೂ, ಉಂಡಿ ಚಿಕ್ಕಿಗಳನ್ನು ಕಟ್ಟಿ ಮಾರುವವರಿಗೆ ಗಿರಾಕಿಯ ಚಿಂತೆಯೂ ಹುಟ್ಟುವುದು ಸಹಜ. ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ಮೊದಲು ತಿಳಿಯತಕ್ಕದ್ದು.

ದಿನದ ಆಹಾರದಿಂದ ದೊರೆಯುವ ಶಕ್ತಿಯಲ್ಲಿ ಬೆರಕೆಯ ಸಕ್ಕರೆ, ಜೇನು ಮೊದಲಾದವುಗಳ ಪಾಲು ನೂರಕ್ಕೆ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಲಹೆಯಿತ್ತಿತು. ಬ್ರಿಟನ್ ದೇಶದಲ್ಲಿ 2018ರ ಏಪ್ರಿಲ್‌ನಿಂದ, 100 ಮಿಲಿಲೀಟರಿಗೆ 5 ಗ್ರಾಮ್ ಇಲ್ಲವೆ ಅದಕ್ಕೆ ಮೇಲ್ಪಟ್ಟು ಸಕ್ಕರೆಯುಳ್ಳ ತಂಪು ಪಾನೀಯಗಳ ಮೇಲೆ ಕರ ಕೂಡ್ರಿಸಲಾಯಿತು. ಅನೇಕ ತಯಾರಕರು ಅದಕ್ಕೆ ಮುಂಚೆಯೇ ಸಕ್ಕರೆಯನ್ನು ಇಳಿಸಿದರು. 2015ರಿಂದ 2020ರೊಳಗೆ ಆ ಪಾನೀಯಗಳ ಮೂಲಕ ಮಾರಾಟವಾದ ಸಕ್ಕರೆಯು ಸುಮಾರು ಮೂರರಲ್ಲೊಂದು ಪಾಲು ಕುಗ್ಗಿತು. ಪಾನೀಯಗಳ ಮಾರಾಟವು ಮಾತ್ರ ಹೆಚ್ಚಿತು. ಇಳಿದ ಸವಿಯನ್ನು ಬಹುಮಟ್ಟಿಗೆ ಬೇರೆ ಸಿಹಿಕಾರಕಗಳಿಂದ ತುಂಬಿಸಿದುದನ್ನೂ ಮರೆಯಬಾರದು. ಆದರೆ ಅದೇ ದೇಶದಲ್ಲಿ ನೂರಕ್ಕೆ 30ರಷ್ಟು ಸಕ್ಕರೆ ಕಡಿಮೆಯೆಂದು ಸಾರಿ 2018ರಲ್ಲಿ ನೆಸ್ಲೆ ಕಂಪನಿಯು ಹೊರತಂದ ಮಿಲ್ಕಿಬಾರ್ ವಾವ್‌ಸಮ್ಸ್ ಎಂಬ ಚಾಕೊಲೇಟು ಗಿರಾಕಿ ಸಾಲದೆ 2020ರಲ್ಲಿ ನಿಂತುಹೋಯಿತು.

ಇದರಿಂದ ತಿಳಿಯುವುದೇನೆಂದರೆ, ಸಕ್ಕರೆ ಕಡಿಮೆಯೆಂದು ಸಾರಿದ ಮಾತ್ರದಿಂದ ಗಿರಾಕಿ ಬಾರದು. ರುಚಿ ಉಳಿದಲ್ಲಿ ಗಿರಾಕಿಯೂ ಉಳಿಯುವುದು. ಆದುದರಿಂದ ಶೇಂಗಾದ ಉಂಡಿ ಮಾಡುವವರು ಬೆಲ್ಲವನ್ನು ಒಮ್ಮೆಲೇ ತಗ್ಗಿಸದೆ, ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ, ಹದವಾಗಿ ಹುರಿದ ಶೇಂಗಾ ಏಲಕ್ಕಿಗಳಿಂದ ರುಚಿಯನ್ನು ಕಾಯ್ದುಕೊಳ್ಳಬೇಕು. ಚಿಕ್ಕಿಯಲ್ಲಿ ಪಾಕವೇ ಅಂಟಾಗಿರುವುದರಿಂದ ಅದನ್ನು ಬಹಳ ತಗ್ಗಿಸಿದರೆ ತುಂಡು ಉದುರುವುದು. ಅಲ್ಲಿ ತುಂಡನ್ನೇ ಸಣ್ಣದು ಮಾಡುವುದು ಮೇಲು. ಬೆಲ್ಲವೂ ಬಹುಪಾಲು ಸಕ್ಕರೆಯೇ ಆಗಿರುವುದರಿಂದ, ಬೆಲ್ಲ ಬೆರೆಸಿದ ತಿನಿಸಿನ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದು ಅಚ್ಚು ಹಾಕಿಸುವುದು ಸಲ್ಲದು.

ಇನ್ನು ಕಬ್ಬಿನ ಮಾತು. ತಿನಿಸಿನ ಗಿರಾಕಿ ಉಳಿದರೂ ಅದರೊಳಗಿನ ಸಕ್ಕರೆ ಇಳಿದಲ್ಲಿ, ಅಷ್ಟರಮಟ್ಟಿಗೆ ಸಕ್ಕರೆಯ ಖರ್ಚು ಇಳಿಯುವುದು ನಿಜ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಿಂದ ಕಬ್ಬಿನ ರಸಕ್ಕೆ ಎಥನಾಲ್ ಎಂಬ ಎರಡನೆಯ ದಾರಿ ತೆರೆದಿದೆ. ಆದರೆ 2023ರ ಡಿಸೆಂಬರಿನಲ್ಲಿ ಸರಕಾರವು ಅದಕ್ಕೆ ತಡೆ ಹಾಕಿದ್ದುಂಟು. ಆದ್ದರಿಂದ ಒಂದೇ ದಾರಿಯನ್ನು ನಂಬಿ ಕಬ್ಬಿನ ಎಕರೆಗಳನ್ನು ಹೆಚ್ಚಿಸುವುದಕ್ಕಿಂತ, ಇದ್ದ ಎಕರೆಯಲ್ಲಿ ನೀರು ಗೊಬ್ಬರಗಳನ್ನು ಮಿತವಾಗಿ ಬಳಸಿ ಖರ್ಚು ತಗ್ಗಿಸುವುದೇ ರೈತನಿಗೆ ಹಿತಕರವು.